ವೈರಸ್ ಜ್ವರ, ಉರಿಯೂತ ಮತ್ತು ವಿಟಮಿನ್ ಡಿ: ಕುವೈತ್‌ನ ಕನ್ನಡ ಪೋಷಕರಿಗೊಂದು ಕೈಪಿಡಿ

ಕುವೈತ್‌ನ ಸರ್ಕಾರಿ ಶಾಲೆಗಳಲ್ಲಿ ಓದುವ, 11ರಿಂದ 16 ವರ್ಷದ 1,416 ಮಕ್ಕಳ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನೂರರಲ್ಲಿ 81 ಮಕ್ಕಳಿಗೆ ವಿಟಮಿನ್ ಡಿ ಕೊರತೆ ಇತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳದ್ದು ತೀವ್ರ ಕೊರತೆ. ಸಾಕಷ್ಟು ಪ್ರಮಾಣ ಇದ್ದವರು ನೂರಕ್ಕೆ ನಾಲ್ವರೂ ಇರಲಿಲ್ಲ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದ ದೇಶದ ಮಕ್ಕಳ ಕಥೆ ಇದು.

ಅಬ್ಬಾಸಿಯಾ, ಸಾಲ್ಮಿಯಾ, ಮಂಗಾಫ್, ಫಾಹಾಹೀಲ್ ಕಡೆಯ ಫ್ಲ್ಯಾಟುಗಳಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡ ಮಕ್ಕಳ ದಿನಚರಿ ಆ ಮಕ್ಕಳದ್ದಕ್ಕಿಂತ ಬೇರೆಯೇನಲ್ಲ. ಬೆಳಕು ಹರಿಯುತ್ತಲೇ ಶಾಲಾ ಬಸ್ಸು, ಮಧ್ಯಾಹ್ನ ಮನೆ, ಸಂಜೆ ಟ್ಯೂಷನ್, ಎಲ್ಲೆಡೆ ಎಸಿ. ಮೈಗೆ ಬಿಸಿಲು ತಾಗುವುದು ಕಟ್ಟಡದ ಬಾಗಿಲಿನಿಂದ ವಾಹನದವರೆಗೆ ನಡೆಯುವಷ್ಟು ಹೊತ್ತು ಮಾತ್ರ.

2020ರಲ್ಲಿ ಕೋವಿಡ್ ಬಂದ ಮೇಲೆ ಈ ಕೊರತೆಯ ಜೊತೆಗೆ ಇನ್ನೊಂದು ಭಯ ಸೇರಿಕೊಂಡಿತು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಲಂಡನ್ನಿನ ಮಕ್ಕಳ ವೈದ್ಯರು ಒಂದು ಎಚ್ಚರಿಕೆ ಕೊಟ್ಟರು. ಕೋವಿಡ್ ಬಂದದ್ದೇ ಗೊತ್ತಾಗದಷ್ಟು ಹಗುರವಾಗಿ ಪಾರಾದ ಮಕ್ಕಳು ಕೆಲವು ವಾರಗಳ ನಂತರ ತೀವ್ರ ಜ್ವರ, ಹೊಟ್ಟೆನೋವು, ಕೆಂಪು ಕಣ್ಣು, ಕುಸಿದ ರಕ್ತದೊತ್ತಡದೊಂದಿಗೆ ಆಸ್ಪತ್ರೆ ಸೇರುತ್ತಿದ್ದರು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎಂಐಎಸ್-ಸಿ, ಅಂದರೆ ಮಕ್ಕಳಲ್ಲಿ ಕಾಣುವ ಬಹು ಅಂಗಾಂಗ ಉರಿಯೂತ ಎಂದು ಗುರುತಿಸಿತು. ಅದೇ ಹೊತ್ತಿಗೆ ಇಲ್ಲಿ ಜಲೀಬ್ ಅಲ್ ಶುಯೂಖ್ ಮತ್ತು ಮಹಬೂಲಾ ಪ್ರದೇಶಗಳು ಏಪ್ರಿಲ್ 6ರಿಂದ ಸಂಪೂರ್ಣ ಮುಚ್ಚಿದ್ದವು. ಮೇ 10ರಿಂದ 30ರವರೆಗೆ ದೇಶಕ್ಕೆ ದೇಶವೇ ಕರ್ಫ್ಯೂನಲ್ಲಿತ್ತು. ಮಕ್ಕಳು ತಿಂಗಳುಗಟ್ಟಲೆ ನಾಲ್ಕು ಗೋಡೆಯ ಒಳಗೇ ಉಳಿದರು. ‘ವಿಟಮಿನ್ ಡಿ ಚೆನ್ನಾಗಿದ್ದರೆ ಮಗುವಿಗೆ ಆ ಕಾಯಿಲೆ ಬರೋದಿಲ್ವಂತೆ, ಹೌದಾ?’ ಎಂಬ ಪ್ರಶ್ನೆ ಹುಟ್ಟಿದ್ದು ಆಗ. ಇಂದಿಗೂ ಮಗುವಿಗೆ ವೈರಸ್ ಜ್ವರ ಬಂದಾಗಲೆಲ್ಲ ಅದೇ ಪ್ರಶ್ನೆ ಏಳುತ್ತದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಿಟಮಿನ್ ಡಿ ಕೊರತೆ ಇರಬಾರದು, ಅದನ್ನು ನೀಗಿಸಲೇಬೇಕು. ಆದರೆ ಅದು ಉರಿಯೂತದ ಕಾಯಿಲೆಗೆ ಹಾಕಿದ ಬೀಗವಲ್ಲ. ಮಗುವನ್ನು ಕಾಪಾಡುವುದು ದಿನಾ ಕೊಡುವ ಸಣ್ಣ ಪ್ರಮಾಣ ಮತ್ತು ಜ್ವರ ಬಿಟ್ಟ ಮೇಲೂ ಕೆಲವು ವಾರ ಮಗುವಿನ ಮೇಲಿಡುವ ಕಣ್ಣು. ಎರಡನ್ನೂ ಹೇಗೆ ಮಾಡುವುದು ಎಂದು ಹಂತ ಹಂತವಾಗಿ ನೋಡೋಣ.

ಹಂತ 1: ವಿಟಮಿನ್ ಡಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬಿಸಿಲಿನಲ್ಲಿರುವ ಅತಿನೇರಳೆ ‘ಬಿ’ ಕಿರಣ ಚರ್ಮಕ್ಕೆ ಬಿದ್ದಾಗ ಅಲ್ಲಿರುವ ಕೊಬ್ಬಿನಂಥ ವಸ್ತುವೊಂದು ವಿಟಮಿನ್ ಡಿ ಆಗಿ ಬದಲಾಗುತ್ತದೆ. ಯಕೃತ್ತು ಅದನ್ನು ಒಂದು ರೂಪಕ್ಕೆ ತರುತ್ತದೆ. ರಕ್ತ ಪರೀಕ್ಷೆಯಲ್ಲಿ ಅಳೆಯುವುದು ಈ ರೂಪವನ್ನೇ. ಮೂತ್ರಪಿಂಡ ಅದಕ್ಕೆ ಕೊನೆಯ ಸಕ್ರಿಯ ರೂಪ ಕೊಡುತ್ತದೆ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು, ಮೂಳೆ ಗಟ್ಟಿಯಾಗಲು ಅದು ಬೇಕು. ಇದು ಶತಮಾನದಿಂದ ಗೊತ್ತಿರುವ ವಿಷಯ.

ರೋಗನಿರೋಧಕ ಕಣಗಳೂ ತಮಗೆ ಬೇಕಾದ ವಿಟಮಿನ್ ಡಿಯನ್ನು ತಾವೇ ಸಕ್ರಿಯಗೊಳಿಸಿಕೊಳ್ಳುತ್ತವೆ ಎಂಬುದು ಆಮೇಲೆ ತಿಳಿದದ್ದು. ಅದರ ಬಲದಿಂದ ಅವು ಸೂಕ್ಷ್ಮಾಣುಗಳನ್ನು ಕೊಲ್ಲುವ ಪ್ರೋಟೀನು ತಯಾರಿಸುತ್ತವೆ. ಜೊತೆಗೆ ಉರಿಯೂತ ಹೆಚ್ಚಿಸುವ ರಾಸಾಯನಿಕ ಸಂದೇಶಗಳನ್ನು ತಗ್ಗಿಸುತ್ತವೆ. ಎಂಐಎಸ್-ಸಿಯಲ್ಲಿ ಕೆಡುವುದು ಈ ತಗ್ಗಿಸುವ ಕೆಲಸವೇ. ಅಡುಗೆ ಮುಗಿದ ಮೇಲೂ ಆರದೆ ಉರಿಯುವ ಒಲೆ ಪಾತ್ರೆಯನ್ನೇ ಸುಡುವ ಹಾಗೆ, ವೈರಸ್ ಹೋದ ಮೇಲೂ ಮಗುವಿನ ರಕ್ಷಣಾ ವ್ಯವಸ್ಥೆ ಶಾಂತವಾಗದೆ ಹೃದಯ, ಕರುಳು, ರಕ್ತನಾಳಗಳ ಮೇಲೇ ತಿರುಗಿ ಬೀಳುತ್ತದೆ.

ಹಾಗಾಗಿ ವಿಟಮಿನ್ ಡಿ ಕಡಿಮೆ ಇದ್ದ ಮಕ್ಕಳಿಗೇ ಇದು ಬರುತ್ತದೆಯೇ ಎಂದು ವೈದ್ಯರು ಹುಡುಕಿದ್ದು ಸಹಜ. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಎಂಐಎಸ್-ಸಿ ಮಕ್ಕಳ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಕಂಡುಬಂತು. ಇದಕ್ಕೆ ಹತ್ತಿರದ ಹೋಲಿಕೆಯಿರುವ ಕವಾಸಕಿ ಕಾಯಿಲೆಯಲ್ಲೂ ಇಟಲಿಯ ವೈದ್ಯರು 2016ರಲ್ಲಿ ಇಂಥದ್ದೇ ಫಲಿತಾಂಶ ಪ್ರಕಟಿಸಿದ್ದರು. ಆದರೆ ಇಲ್ಲೊಂದು ತೊಡಕಿದೆ. ದೇಹದಲ್ಲಿ ತೀವ್ರ ಉರಿಯೂತ ಇದ್ದಾಗ ರಕ್ತದ ವಿಟಮಿನ್ ಡಿ ಮಟ್ಟ ತಾನಾಗಿಯೇ ಇಳಿಯುತ್ತದೆ. ಆಸ್ಪತ್ರೆಗೆ ಸೇರಿದ ದಿನ ಕಡಿಮೆ ಕಂಡಿತು ಎಂದಾಕ್ಷಣ ಅದೇ ಕಾಯಿಲೆಗೆ ಕಾರಣ ಎನ್ನಲು ಬರುವುದಿಲ್ಲ. ಕಾಯಿಲೆಯೇ ಅದನ್ನು ಇಳಿಸಿರಬಹುದು.

ಔಷಧಿ ಕೊಟ್ಟು ನೋಡಿದ ಪ್ರಯೋಗಗಳ ಫಲಿತಾಂಶ ಮಿಶ್ರವಾಗಿದೆ. ಮಂಗೋಲಿಯಾದಲ್ಲಿ ಚಳಿಗಾಲದಲ್ಲಿ ವಿಟಮಿನ್ ಡಿ ಬೆರೆಸಿದ ಹಾಲು ಕುಡಿದ ಶಾಲಾ ಮಕ್ಕಳಲ್ಲಿ ನೆಗಡಿ-ಕೆಮ್ಮು ಸುಮಾರು ಅರ್ಧಕ್ಕೆ ಇಳಿದದ್ದು 2012ರಲ್ಲಿ ವರದಿಯಾಯಿತು. ಅದು 247 ಮಕ್ಕಳ ಸಣ್ಣ ಪ್ರಯೋಗ. ಅದೇ ದೇಶದಲ್ಲಿ 8,851 ಮಕ್ಕಳಿಗೆ ಮೂರು ವರ್ಷ ವಾರಕ್ಕೊಮ್ಮೆ ಕೊಟ್ಟು ನೋಡಿದಾಗ ಕ್ಷಯದ ಸೋಂಕು ತಗ್ಗಲಿಲ್ಲ ಎಂದು 2020ರಲ್ಲಿ ಗೊತ್ತಾಯಿತು. ನಾರ್ವೆಯಲ್ಲಿ ಸುಮಾರು 35 ಸಾವಿರ ವಯಸ್ಕರಲ್ಲಿ ನಡೆದ ಪ್ರಯೋಗದಲ್ಲಿ ಒಂದು ಚಳಿಗಾಲವಿಡೀ ದಿನಕ್ಕೊಂದು ಚಮಚ, ವಿಟಮಿನ್ ಡಿ ಇರುವ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕುಡಿದವರಿಗೂ ಕೋವಿಡ್ ಕಡಿಮೆಯಾಗಲಿಲ್ಲ. ಬ್ರೆಜಿಲ್‌ನಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಒಂದೇ ಸಲ ಎರಡು ಲಕ್ಷ ಐಯು (ವಿಟಮಿನ್ ಅಳೆಯುವ ಮಾನ) ಕೊಟ್ಟರೂ ಬೇಗ ಮನೆಗೆ ಹೋಗಲಾಗಲಿಲ್ಲ. ಒಟ್ಟಾರೆ ನೋಡಿದರೆ, ಏನಾದರೂ ಲಾಭ ಇದ್ದರೆ ಅದು ನಿಜವಾದ ಕೊರತೆ ಇದ್ದವರಿಗೆ, ದಿನಾ ಸ್ವಲ್ಪ ಸ್ವಲ್ಪ ಕೊಟ್ಟಾಗ. ಒಮ್ಮೆಲೇ ಸುರಿದರೆ ಇಲ್ಲ.

ಹಾಗಿದ್ದರೆ ವಿಟಮಿನ್ ಡಿಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಕೊರತೆಯಿಂದ ಆಗುವ ರಿಕೆಟ್ಸ್, ಸೊಟ್ಟ ಕಾಲು, ತಡವಾದ ನಡಿಗೆ, ಕ್ಯಾಲ್ಸಿಯಂ ಕುಸಿದು ಹಸುಗೂಸಿಗೆ ಬರುವ ಫಿಟ್ಸ್ ಇವೆಲ್ಲ ಖಚಿತವಾದ ಅಪಾಯಗಳು. ಇವನ್ನು ತಪ್ಪಿಸಲು ದಿನಕ್ಕೆ ಕೆಲವು ಹನಿ ಸಾಕು ಎನ್ನುವುದೂ ಅಷ್ಟೇ ಖಚಿತ.

ಹಂತ 2: ಬಿಸಿಲನ್ನು ನೆರಳಿನಿಂದ ಅಳೆಯಿರಿ

ಸೊಸೆಯ ಬಾಣಂತನಕ್ಕೆಂದು ಊರಿನಿಂದ ವಿಸಿಟ್ ವೀಸಾದಲ್ಲಿ ಬರುವ ಅಮ್ಮಂದಿರು ಮಗುವಿಗೆ ಎಣ್ಣೆ ಹಚ್ಚಿ ಎಳೆಬಿಸಿಲು ತೋರಿಸುತ್ತಾರೆ. ಬೆಚ್ಚಗಿನ ಆ ಆರೈಕೆ ಮಗುವಿಗೆ ಹಿತವೇ. ಆದರೆ ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಮಾಡುವ ಕಿರಣ ತೀರಾ ಕಡಿಮೆ. ಸೂರ್ಯ ಕೆಳಗಿದ್ದಾಗ ಆ ಕಿರಣವನ್ನು ವಾತಾವರಣವೇ ಹೀರಿಬಿಡುತ್ತದೆ. ಕಿಟಕಿಯ ಗಾಜು ಅದನ್ನು ಬಹುತೇಕ ಪೂರ್ತಿ ತಡೆಯುತ್ತದೆ. ಹಾಗಾಗಿ ಗಾಜು ಹಾಕಿದ ಬಾಲ್ಕನಿಯಲ್ಲಿ ಮಗುವನ್ನು ಮಲಗಿಸಿದರೆ ಮೈ ಬಿಸಿಯಾಗುತ್ತದೆ, ವಿಟಮಿನ್ ಸಿಗುವುದಿಲ್ಲ.

ಸುಲಭದ ಅಳತೆ ನಿಮ್ಮ ನೆರಳು. ಅದು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲಿನಲ್ಲಿ ವಿಟಮಿನ್ ಡಿ ಚೆನ್ನಾಗಿ ಆಗುತ್ತದೆ. ಉದ್ದವಾಗಿದ್ದರೆ ಕಡಿಮೆ. ಮಂಗಳೂರಿನಲ್ಲಿ ಡಿಸೆಂಬರ್ ನಡುಮಧ್ಯಾಹ್ನವೂ ನೆರಳು ಗಿಡ್ಡವೇ. ಕುವೈತ್ ಇರುವುದು ಸುಮಾರು 29 ಡಿಗ್ರಿ ಉತ್ತರಕ್ಕೆ. ಇಲ್ಲಿ ನವೆಂಬರ್ ಮೊದಲ ವಾರದಿಂದ ಫೆಬ್ರುವರಿ ಮೊದಲ ವಾರದವರೆಗೆ ನೆತ್ತಿಯ ಹೊತ್ತಿನಲ್ಲೂ ನೆರಳು ನಿಮಗಿಂತ ಉದ್ದ. ಅಂದರೆ ಮಕ್ಕಳನ್ನು ಹೊರಗೆ ಬಿಡಬಹುದಾದ ತಂಪಿನ ಕಾಲದಲ್ಲಿ ಬಿಸಿಲಿಗೆ ಬಲ ಕಡಿಮೆ. ಬಿಸಿಲಿಗೆ ಬಲವಿರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಕಾರ್ಮಿಕರನ್ನೂ ಬಿಸಿಲಲ್ಲಿ ದುಡಿಸಬಾರದೆಂದು ಸರ್ಕಾರವೇ ನಿಷೇಧಿಸಿದೆ. ಬಿಸಿಲ ನಾಡಿನಲ್ಲಿ ಕೊರತೆ ಹೇಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ. ಉಳಿದರ್ಧ ಎಸಿ, ಧೂಳು, ಮೈಮುಚ್ಚುವ ಉಡುಪು ಮತ್ತು ನಮ್ಮ ಕಂದು ಚರ್ಮ. ಕಂದು ಚರ್ಮಕ್ಕೆ ಅಷ್ಟೇ ವಿಟಮಿನ್ ಮಾಡಲು ಹೆಚ್ಚು ಹೊತ್ತಿನ ಬಿಸಿಲು ಬೇಕು.

ಬಳಸಿಕೊಳ್ಳಬೇಕಾದದ್ದು ಮಾರ್ಚ್, ಏಪ್ರಿಲ್ ಮೊದಲ ಭಾಗ ಮತ್ತು ಅಕ್ಟೋಬರ್. ಶುಕ್ರವಾರ, ಶನಿವಾರದ ರಜೆಯಲ್ಲಿ ಹತ್ತೂವರೆಯ ಸುಮಾರಿಗೆ ಸಮುದ್ರ ದಂಡೆಗೋ ಅಲ್ ಶಹೀದ್ ಪಾರ್ಕಿಗೋ ಮಕ್ಕಳನ್ನು ಕರೆದೊಯ್ಯಿರಿ. ತೋಳು, ಕಾಲು ತೆರೆದಿರಲಿ. ಚರ್ಮ ಕೆಂಪಾಗುವ ಮೊದಲೇ ನೆರಳಿಗೆ ಬನ್ನಿ. ಆರು ತಿಂಗಳೊಳಗಿನ ಶಿಶುವನ್ನು ನೇರ ಬಿಸಿಲಿಗೆ ಹಿಡಿಯಬೇಡಿ. ಆ ಶಿಶುವಿಗೆ ದಾರಿ ಹನಿ ಔಷಧಿಯೇ.

ಹಂತ 3: ತಟ್ಟೆ ಮತ್ತು ಲೋಟ

ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ವಿಟಮಿನ್ ಡಿ ಇಲ್ಲ. ಸೊಪ್ಪು, ಬೇಳೆ, ಹಣ್ಣುಗಳಲ್ಲೂ ಇಲ್ಲ. ಇರುವುದು ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನುಗಳಲ್ಲಿ. ಫಾಹಾಹೀಲ್ ಮಾರುಕಟ್ಟೆಯಲ್ಲಿ ದುಬಾರಿ ಬೆಲೆ ತೆತ್ತು ತರುವ ಜುಬೈದಿಗಿಂತ ಅಗ್ಗದ ಬೂತಾಯಿ ಈ ವಿಷಯದಲ್ಲಿ ಒಳ್ಳೆಯದು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು ಇರುತ್ತದೆ.

ಹಾಲು ಕೊಳ್ಳುವಾಗ ಡಬ್ಬದ ಹಿಂಬದಿ ಓದಿ. ವಿಟಮಿನ್ ಡಿ ಬೆರೆಸಿದ್ದರೆ ಪ್ರಮಾಣ ಬರೆದಿರುತ್ತಾರೆ. ಒಂದು ಮೈಕ್ರೋಗ್ರಾಂ ಎಂದರೆ 40 ಐಯು. 100 ಮಿ.ಲೀ.ಗೆ ಒಂದು ಮೈಕ್ರೋಗ್ರಾಂ ಎಂದಿದ್ದರೆ ಎರಡು ಲೋಟ, ಅಂದರೆ 400 ಮಿ.ಲೀ. ಕುಡಿದ ಮಗುವಿಗೆ ಸಿಕ್ಕದ್ದು 160 ಐಯು. ಬೇಕಾದದ್ದು 600. ಊಟದಿಂದಲೇ ಪೂರೈಸುತ್ತೇವೆ ಎಂದು ಹೊರಟರೆ, ಅದರಲ್ಲೂ ಸಸ್ಯಾಹಾರಿ ಮನೆಗಳಲ್ಲಿ, ಲೆಕ್ಕ ಕೂಡುವುದೇ ಇಲ್ಲ.

ಹಂತ 4: ಹನಿ ಔಷಧಿ, ಪುಡಿ ಪೊಟ್ಟಣ ಮತ್ತು ಸಣ್ಣಕ್ಷರ

ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು. ಒಂದರಿಂದ 18 ವರ್ಷದವರೆಗೆ ದಿನಕ್ಕೆ 600 ಐಯು. ಇದು ಕೊರತೆ ಬಾರದಂತೆ ಕೊಡುವ ಪ್ರಮಾಣ. ಎದೆಹಾಲು ಎಲ್ಲ ರೀತಿಯಲ್ಲೂ ಶ್ರೇಷ್ಠ. ಆದರೆ ಅದರಲ್ಲಿ ವಿಟಮಿನ್ ಡಿ ಬಹಳ ಕಡಿಮೆ, ತಾಯಿಗೇ ಕೊರತೆ ಇದ್ದರೆ ಇನ್ನೂ ಕಡಿಮೆ. ‘ಎದೆಹಾಲು ಕುಡಿಯೋ ಮಗುವಿಗೆ ಯಾಕೆ ಔಷಧಿ?’ ಎಂದು ಮನೆಯ ಹಿರಿಯರು ಕೇಳಿದರೆ ಇದನ್ನು ಸಮಾಧಾನವಾಗಿ ತಿಳಿಸಿ.

ಈಗ ಎಚ್ಚರಿಕೆಯ ಮಾತು. ಕುವೈತ್‌ನ ಕನ್ನಡ ಮನೆಗಳ ಔಷಧಿ ಡಬ್ಬದಲ್ಲಿ ಎರಡು ಮೂರು ದೇಶಗಳ ಸೀಸೆ ಒಟ್ಟಿಗೆ ಇರುತ್ತವೆ. ರಜೆಯಲ್ಲಿ ಊರಿನಿಂದ ತಂದದ್ದೊಂದು, ಇಲ್ಲಿನ ಫಾರ್ಮಸಿಯಲ್ಲಿ ಕೊಂಡದ್ದೊಂದು, ನೆಂಟರು ಕಳಿಸಿದ್ದೊಂದು. ಎಲ್ಲದರ ಮೇಲೂ ‘ವಿಟಮಿನ್ ಡಿ3’ ಎಂದೇ ಬರೆದಿರುತ್ತದೆ. ಬಲ ಮಾತ್ರ ಬೇರೆ ಬೇರೆ. ಊರಿನ ಸೀಸೆಯಲ್ಲಿ ಒಂದು ಮಿ.ಲೀ.ಗೆ 400 ಇರಬಹುದು, 800 ಇರಬಹುದು. ವಿದೇಶಿ ಸೀಸೆಗಳಲ್ಲಿ ಕೆಲವದರಲ್ಲಿ ಒಂದೇ ಒಂದು ಹನಿಗೆ 400 ಐಯು. ಒಂದು ಮಿ.ಲೀ. ಎಂದರೆ ಸುಮಾರು 25 ಹನಿ. ಹನಿಗೆ 400 ಇರುವ ಔಷಧಿಯನ್ನು ಹಳೆಯ ಅಭ್ಯಾಸದಂತೆ ಒಂದು ಮಿ.ಲೀ. ಕೊಟ್ಟರೆ ಶಿಶುವಿನ ಹೊಟ್ಟೆಗೆ ಹೋಗುವುದು ಹತ್ತು ಸಾವಿರ ಐಯು. ಡ್ರಾಪರ್ ಗೊಂದಲದಿಂದ ಶಿಶುಗಳಿಗೆ ಅತಿ ಪ್ರಮಾಣ ಹೋಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಎಚ್ಚರಿಸಿತ್ತು. ಒಂದು ಸೀಸೆಯ ಡ್ರಾಪರನ್ನು ಇನ್ನೊಂದಕ್ಕೆ ಬಳಸಲೇಬೇಡಿ. ಕೊಡುವ ಅಳತೆಯನ್ನು ದಪ್ಪ ಅಕ್ಷರದಲ್ಲಿ ಕಾಗದಕ್ಕೆ ಬರೆದು ಸೀಸೆಗೆ ಅಂಟಿಸಿ. ಅಪ್ಪ, ಅಮ್ಮ, ಅಜ್ಜಿ ಮೂವರಲ್ಲಿ ಕೊಡುವವರು ಯಾರೆಂದೂ ನಿಗದಿಯಾಗಿರಲಿ. ಇಲ್ಲವಾದರೆ ಮಗುವಿಗೆ ದಿನಕ್ಕೆ ಎರಡು ಸಲ ಸಿಗುತ್ತದೆ.

60 ಸಾವಿರ ಐಯುನ ಪುಡಿ ಪೊಟ್ಟಣ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ದೊಡ್ಡವರಿಗೆ ಬರೆದುಕೊಟ್ಟದ್ದನ್ನು ‘ಮಗುವಿಗೂ ಒಂದಿರಲಿ’ ಎಂದು ಕೊಡುವವರಿದ್ದಾರೆ. ಒಂದು ಪೊಟ್ಟಣದಲ್ಲಿರುವುದು ಮಗುವಿಗೆ ನೂರು ದಿನಕ್ಕೆ ಬೇಕಾದಷ್ಟು. ಮಕ್ಕಳ ವೈದ್ಯರು ಬರೆದುಕೊಡದೆ ಅದನ್ನು ಮುಟ್ಟಬೇಡಿ. ವೈದ್ಯರ ಮೇಲ್ವಿಚಾರಣೆ ಇಲ್ಲದೆ ದಿನಾ ಕೊಡುವುದರ ಮೇಲ್ಮಿತಿ ಹೀಗಿದೆ: ಆರು ತಿಂಗಳವರೆಗೆ 1,000, ಒಂದು ವರ್ಷದವರೆಗೆ 1,500, ಮೂರು ವರ್ಷದವರೆಗೆ 2,500, ಎಂಟು ವರ್ಷದವರೆಗೆ 3,000, ಅಲ್ಲಿಂದಾಚೆ 4,000 ಐಯು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮಗು ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮಲಬದ್ಧತೆಯಾಗುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತದೆ, ಮಂಕಾಗುತ್ತದೆ. ಮೂತ್ರಪಿಂಡಕ್ಕೂ ಹಾನಿ.

ಹಂತ 5: ರಕ್ತ ಪರೀಕ್ಷೆ ಎಲ್ಲರಿಗೂ ಬೇಡ

ಹನಿ ಔಷಧಿ ನಿಯಮಿತವಾಗಿ ಪಡೆಯುತ್ತಿರುವ ಆರೋಗ್ಯವಂತ ಮಗುವಿಗೆ ಪರೀಕ್ಷೆಯ ಅಗತ್ಯವಿಲ್ಲ. ಕಾಲು ಸೊಟ್ಟಗಿದ್ದರೆ, ಮಣಿಕಟ್ಟು ದಪ್ಪವಾಗಿದ್ದರೆ, ನಡಿಗೆ ಅಥವಾ ಹಲ್ಲು ತಡವಾದರೆ, ಮೂಳೆ ನೋವಿದ್ದರೆ, ಫಿಟ್ಸ್ ಔಷಧಿ ಸೇವಿಸುತ್ತಿದ್ದರೆ, ಯಕೃತ್ತು, ಮೂತ್ರಪಿಂಡ, ಕರುಳಿನ ದೀರ್ಘ ಕಾಯಿಲೆ ಇದ್ದರೆ ಮಾಡಿಸಿ. ಅಳೆಯಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ.

ವರದಿ ಬಂದಾಗ ಅಂಕಿಗಿಂತ ಮೊದಲು ಅದರ ಪಕ್ಕದ ಮಾನ ನೋಡಿ. ಊರಿನ ಲ್ಯಾಬುಗಳು ನ್ಯಾನೋಗ್ರಾಂನಲ್ಲಿ ಬರೆಯುತ್ತವೆ. ಇಲ್ಲಿ ನ್ಯಾನೋಮೋಲ್ ಎಂದೂ ಇರಬಹುದು. ಮಿ.ಲೀ.ಗೆ ಒಂದು ನ್ಯಾನೋಗ್ರಾಂ ಎಂದರೆ ಲೀಟರಿಗೆ ಎರಡೂವರೆ ನ್ಯಾನೋಮೋಲ್. ಊರಿನ 20 ಇಲ್ಲಿಯ 50. ಅದಕ್ಕಿಂತ ಮೇಲಿದ್ದರೆ ಸಾಕು. 12, ಅಂದರೆ ಇಲ್ಲಿಯ 30ಕ್ಕಿಂತ ಕೆಳಗಿದ್ದರೆ ಸ್ಪಷ್ಟ ಕೊರತೆ. ‘ಹೋದ ವರ್ಷ ಊರಲ್ಲಿ 22 ಇತ್ತು, ಇಲ್ಲಿ 48 ಆಗಿದೆ, ಡಬಲ್ ಆಯ್ತು’ ಎಂದು ಹಿಗ್ಗುವ ಮೊದಲು ಇದು ನೆನಪಿರಲಿ. ಆ ಮಗುವಿನದು ನಿಜಕ್ಕೂ ಇಳಿದಿದೆ. ಜ್ವರ ಇರುವಾಗ, ಜ್ವರದ ಬೆನ್ನಿಗೇ ಈ ಪರೀಕ್ಷೆ ಮಾಡಿಸಿದರೆ ಸುಳ್ಳು ಕೊರತೆ ಕಾಣಬಹುದು. ತುರ್ತಿಲ್ಲದಿದ್ದರೆ ಕೆಲವು ವಾರ ಬಿಟ್ಟು ಮಾಡಿಸಿ. ಚಿಕಿತ್ಸೆ ಆರಂಭಿಸಿದರೆ ಸುಮಾರು ಮೂರು ತಿಂಗಳ ನಂತರ ಮತ್ತೊಮ್ಮೆ.

ಹಂತ 6: ಜ್ವರದ ದಿನಗಳಲ್ಲಿ

ದಿನಾಂಕ ಬರೆದಿಡಿ. ಫೋನಿನಲ್ಲಾದರೂ ಸರಿ, ಕ್ಯಾಲೆಂಡರಿನ ಮೇಲಾದರೂ ಸರಿ. ಯಾವತ್ತು ಶುರುವಾಯಿತು, ಥರ್ಮಾಮೀಟರ್ ಎಷ್ಟು ತೋರಿಸಿತು, ಯಾವಾಗ ಬಿಟ್ಟಿತು, ಮನೆಯಲ್ಲಿ ಇನ್ಯಾರಿಗೆ ಕೆಮ್ಮು-ನೆಗಡಿ ಇತ್ತು. ಮುಂದಿನ ಹಂತದಲ್ಲಿ ಈ ನಾಲ್ಕು ಸಾಲು ಬಹಳ ಕೆಲಸಕ್ಕೆ ಬರುತ್ತವೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅದನ್ನು ಮಗುವಿನ ತೂಕದ ಮೇಲೆ ಲೆಕ್ಕ ಹಾಕಿ: ಒಂದು ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. 15 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 150ರಿಂದ 225 ಮಿ.ಗ್ರಾಂ. ಐದು ಮಿ.ಲೀ.ಗೆ 120 ಇರುವ ಸಿರಪ್ ಆದರೆ ಸುಮಾರು ಆರರಿಂದ ಒಂಬತ್ತು ಮಿ.ಲೀ., 250 ಇರುವುದಾದರೆ ಮೂರರಿಂದ ನಾಲ್ಕೂವರೆ. ಇಲ್ಲೂ ಊರಿನ ಸೀಸೆ ಮತ್ತು ಇಲ್ಲಿನ ಸೀಸೆ ಅದಲುಬದಲಾಗದಿರಲಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ವೈದ್ಯರು ಹೇಳದೆ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಫ್ಲೂ, ಸೀತಾಳೆ ಸಿಡುಬಿನ ಸಮಯದಲ್ಲಿ ಅದು ಮಿದುಳು, ಯಕೃತ್ತನ್ನು ಕೆಡಿಸುವ ರೈ ಸಿಂಡ್ರೋಮ್ ತರಬಹುದು. ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಮುಟ್ಟಿದರೆ ಮನೆಮದ್ದು, ಕಾಯುವಿಕೆ ಎರಡೂ ಬೇಡ. ನೇರ ಆಸ್ಪತ್ರೆಗೆ. ವಿಟಮಿನ್ ಡಿ ಹನಿ ಎಂದಿನ ಪ್ರಮಾಣದಲ್ಲೇ ಮುಂದುವರಿಯಲಿ. ಜ್ವರ ಬಂತೆಂದು ಹೆಚ್ಚಿಸಬೇಡಿ.

ಹಂತ 7: ಜ್ವರ ಬಿಟ್ಟ ಮೇಲಿನ ಎರಡರಿಂದ ಆರು ವಾರ

ಪೋಷಕರು ಮೈಮರೆಯುವುದು ಇಲ್ಲಿ. ಮಗು ಆಟವಾಡುತ್ತಿದೆ, ಶಾಲೆಗೆ ಹೋಗುತ್ತಿದೆ, ಹಳೆಯ ಜ್ವರ ಮರೆತೇ ಹೋಗಿದೆ. ಎಂಐಎಸ್-ಸಿ ಬರುವುದಿದ್ದರೆ ಸಾಮಾನ್ಯವಾಗಿ ಕೋವಿಡ್ ಸೋಂಕಿನ ಎರಡರಿಂದ ಆರು ವಾರದ ನಂತರ, ಹೆಚ್ಚಾಗಿ ಎಂಟು-ಒಂಬತ್ತು ವರ್ಷದ ಆಸುಪಾಸಿನ, ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಮಕ್ಕಳಿಗೆ. ಕವಾಸಕಿ ಕಾಯಿಲೆ ಹೆಚ್ಚಾಗಿ ಐದು ವರ್ಷದೊಳಗಿನವರಿಗೆ.

ಈಗ ಇದು ಅಪರೂಪ ಎನ್ನುವುದನ್ನೂ ಒತ್ತಿ ಹೇಳಬೇಕು. ಅಮೆರಿಕದಂಥ ದೊಡ್ಡ ದೇಶದಲ್ಲೂ 2023ರ ಇಡೀ ವರ್ಷದಲ್ಲಿ ವರದಿಯಾದದ್ದು 117 ಪ್ರಕರಣ. ಆದರೆ ಬಂದಾಗ ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ. ಅದಕ್ಕೇ ಲಕ್ಷಣ ತಿಳಿದಿರಬೇಕು.

ಮತ್ತೆ 38 ಡಿಗ್ರಿ ಮೀರಿದ ಜ್ವರ ಬಂದು ಮೂರನೇ ದಿನಕ್ಕೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಜ್ವರದ ಜೊತೆಗೆ ಕೀವಿಲ್ಲದೆ ಎರಡೂ ಕಣ್ಣು ಕೆಂಪಾಗುವುದು, ಮೈಮೇಲೆ ಗುಳ್ಳೆ ಅಥವಾ ಕೆಂಪು ಕಲೆ, ಒಡೆದು ಕೆಂಪಾದ ತುಟಿ, ಕೆಂಪು ನಾಲಗೆ, ಊದಿದ ಅಂಗೈ-ಅಂಗಾಲು, ಕತ್ತಿನಲ್ಲಿ ಗಂಟು ಇವುಗಳಲ್ಲಿ ಯಾವುದಾದರೂ ಇದ್ದರೆ ಮೂರು ದಿನವೂ ಕಾಯಬೇಡಿ, ಅದೇ ದಿನ ಹೋಗಿ. ಹೊಟ್ಟೆನೋವು, ವಾಂತಿ, ಭೇದಿ ಮಾತ್ರ ಮುಂದಾಗಿ ಕಾಣುವ ಮಕ್ಕಳಿದ್ದಾರೆ. ಅಪೆಂಡಿಕ್ಸ್ ಎಂದುಕೊಳ್ಳುವಷ್ಟು ನೋವಿರುತ್ತದೆ. ಜಂಕ್ ಫುಡ್ ತಿಂದದ್ದಕ್ಕೆ ಹೀಗಾಯಿತು ಎಂದು ಓಮದ ಕಷಾಯ ಕೊಟ್ಟು ಕೂರಬೇಡಿ.

ಉಸಿರು ಏರುತ್ತಿದ್ದರೆ, ಮಗು ಬಿಳಿಚಿಕೊಂಡು ಕೈಕಾಲು ತಣ್ಣಗಾಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಎದೆನೋವಿದ್ದರೆ, ಎಂಟು ಗಂಟೆಯಿಂದ ಮೂತ್ರ ಮಾಡಿಲ್ಲವಾದರೆ 112ಕ್ಕೆ ಕರೆ ಮಾಡಿ. ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೊರಡಿ. ಅಬ್ಬಾಸಿಯಾ, ಖೈತಾನ್ ಕಡೆಯವರಿಗೆ ಫರ್ವಾನಿಯಾ ಆಸ್ಪತ್ರೆ, ಮಂಗಾಫ್, ಮಹಬೂಲಾ, ಫಾಹಾಹೀಲ್ ಕಡೆಯವರಿಗೆ ಅದಾನ್, ಸಾಲ್ಮಿಯಾ, ಹವಲ್ಲಿ ಕಡೆಯವರಿಗೆ ಮುಬಾರಕ್ ಅಲ್ ಕಬೀರ್ ಸಾಮಾನ್ಯವಾಗಿ ಹತ್ತಿರ. ಶುಲ್ಕ, ಇನ್ಶೂರೆನ್ಸ್, ಸಿವಿಲ್ ಐಡಿ ನವೀಕರಣ ಎಂದು ಆ ಹೊತ್ತಿನಲ್ಲಿ ಲೆಕ್ಕ ಹಾಕುತ್ತ ಕೂರಬೇಡಿ. ಗಂಡ ಡ್ಯೂಟಿಯಲ್ಲಿದ್ದಾರೆ, ವಾಹನವಿಲ್ಲ ಎಂದಾದರೆ ಪಕ್ಕದ ಫ್ಲ್ಯಾಟಿನ ಬಾಗಿಲು ತಟ್ಟಿ. ಪರದೇಶದಲ್ಲಿ ನೆರೆಯವರೇ ನೆಂಟರು.

ಹಂತ 8: ವೈದ್ಯರ ಮುಂದೆ

ಕ್ಯಾಶುವಲ್ಟಿಯಲ್ಲಿ ಸಿಗುವುದು ಕೆಲವೇ ನಿಮಿಷ. ಮೊದಲ ವಾಕ್ಯದಲ್ಲೇ ಹೀಗೆ ಹೇಳಿ: ‘ಮೂರು ವಾರದ ಹಿಂದೆ ಮನೆಯಲ್ಲಿ ಎಲ್ಲರಿಗೂ ವೈರಸ್ ಜ್ವರ ಬಂದಿತ್ತು. ಮಗುವಿಗೆ ಮತ್ತೆ ಜ್ವರ ಬಂದು ಇವತ್ತಿಗೆ ಮೂರನೇ ದಿನ.’ ಬರೆದಿಟ್ಟ ದಿನಾಂಕ ತೋರಿಸಿ. ಮೈಮೇಲಿನ ಕಲೆ ಬಂದು ಮಾಯವಾಗುತ್ತಿದ್ದರೆ ಫೋಟೊ ತೆಗೆದಿಟ್ಟುಕೊಂಡಿರಿ. ಕೊಟ್ಟ ಔಷಧಿಗಳ ಸೀಸೆಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ವಿಟಮಿನ್ ಡಿಯದ್ದೂ ಸೇರಿ.

ವೈದ್ಯರಿಗೆ ಅನುಮಾನ ಬಂದರೆ ರಕ್ತಕಣಗಳ ಎಣಿಕೆ, ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್, ಟ್ರೋಪೋನಿನ್ ಪರೀಕ್ಷೆ ಬರೆಯುತ್ತಾರೆ, ಹೃದಯದ ಎಕೋ ಮಾಡಿಸುತ್ತಾರೆ. ಎಕೋ ಮುಖ್ಯ, ಏಕೆಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಉಬ್ಬಿದೆಯೇ, ಹೃದಯದ ಬಡಿತದ ಬಲ ಕುಗ್ಗಿದೆಯೇ ಎಂದು ಅದರಲ್ಲೇ ಗೊತ್ತಾಗುವುದು. ಚಿಕಿತ್ಸೆ ನರದ ಮೂಲಕ ಕೊಡುವ ಇಮ್ಯೂನೋಗ್ಲೋಬ್ಯುಲಿನ್ ಮತ್ತು ಸ್ಟೀರಾಯ್ಡ್. ‘ಸ್ಟೀರಾಯ್ಡ್ ಬೇಡ ಡಾಕ್ಟ್ರೇ’ ಎಂದು ಬೇಡಿಕೊಳ್ಳುವ ಪೋಷಕರಿದ್ದಾರೆ. ಇಲ್ಲಿ ಅದು ಹೃದಯ ಉಳಿಸುವ ಔಷಧಿ. ವಿಟಮಿನ್ ಡಿ ಈ ಚಿಕಿತ್ಸೆಗೆ ಬದಲಿಯಲ್ಲ. ಸಮಯಕ್ಕೆ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹುತೇಕರು ಪೂರ್ತಿ ಗುಣವಾಗುತ್ತಾರೆ.

ಹಂತ 9: ಮನೆಗೆ ಬಂದ ಮೇಲೆ, ಊರಿಗೆ ಹೊರಡುವ ಮೊದಲು

ಮಗುವಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟು ಕಳಿಸಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಎಕೋ ಪುನಃ ಒಂದೆರಡು ವಾರಕ್ಕೆ, ನಂತರ ನಾಲ್ಕರಿಂದ ಆರು ವಾರಕ್ಕೆ ಇರುತ್ತದೆ. ಮಗು ಚೆನ್ನಾಗಿ ಕಂಡರೂ ತಪ್ಪಿಸಬೇಡಿ. ಫುಟ್‌ಬಾಲ್, ಈಜು, ಓಟಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಬಿಡುವು. ಶಾಲೆಯ ಪಿಟಿ ಮೇಷ್ಟ್ರಿಗೆ ಚೀಟಿ ಕೊಡಿ. ಇಮ್ಯೂನೋಗ್ಲೋಬ್ಯುಲಿನ್ ಪಡೆದ ಮಗುವಿಗೆ ಎಂಎಂಆರ್ ಮತ್ತು ಸೀತಾಳೆ ಸಿಡುಬಿನ ಲಸಿಕೆಯನ್ನು 11 ತಿಂಗಳು ಮುಂದೂಡಬೇಕು. ಲಸಿಕೆ ಕಾರ್ಡಿನ ಮೇಲೆ ಅದನ್ನು ಬರೆಸಿ. ಉಳಿದ ಮಕ್ಕಳಿಗೆ ಲಸಿಕೆ ಸಕಾಲಕ್ಕೆ ಆಗಲಿ. 12ರಿಂದ 18 ವರ್ಷದವರಲ್ಲಿ ಎರಡು ಡೋಸ್ ಕೋವಿಡ್ ಲಸಿಕೆ ಎಂಐಎಸ್-ಸಿಯನ್ನು ಶೇಕಡಾ 91ರಷ್ಟು ತಡೆದದ್ದು ಅಮೆರಿಕದ ಅಧ್ಯಯನದಲ್ಲಿ 2022ರ ಜನವರಿಯಲ್ಲಿ ವರದಿಯಾಗಿದೆ. ಯಾವ ವಿಟಮಿನ್ನೂ ಇಂಥ ಫಲಿತಾಂಶ ಕೊಟ್ಟಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋಗುವವರು ಮಳೆಗಾಲದ ಕರಾವಳಿಗೆ ಇಳಿಯುತ್ತಾರೆ. ಅಲ್ಲಿ ಡೆಂಗಿ ಇರುತ್ತದೆ. ಡೆಂಗಿಯಲ್ಲಿ ಅಪಾಯ ಜ್ವರ ಇಳಿಯುವ ಹೊತ್ತಿಗೇ ಶುರುವಾಗುತ್ತದೆ. ಇಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ. ಎಂಐಎಸ್-ಸಿ ಅಥವಾ ಕವಾಸಕಿ ಕಾಯಿಲೆಗಾಗಿ ಆಸ್ಪಿರಿನ್ ಸೇವಿಸುತ್ತಿರುವ ಮಗುವಿಗೆ ಊರಿನಲ್ಲಿ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ, ಆ ಮಾತ್ರೆಯ ವಿಷಯ ಮೊದಲು ಹೇಳಿ. ಡಿಸ್ಚಾರ್ಜ್ ವರದಿ, ಎಕೋ ವರದಿಗಳ ಪ್ರತಿ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ.

ಕುವೈತ್ ಕನ್ನಡ ಕೂಟ, ತುಳು ಕೂಟ, ಕೆನರಾ ವೆಲ್ಫೇರ್ ಅಸೋಸಿಯೇಷನ್‌ನಂಥ ಸಂಘಗಳ ಕುಟುಂಬಗಳಲ್ಲಿ ವೈದ್ಯರಿದ್ದಾರೆ, ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್‌ಗಳಿದ್ದಾರೆ. ರಾಜ್ಯೋತ್ಸವದ ದಿನವೋ ಪಿಕ್‌ನಿಕ್ಕಿನ ದಿನವೋ ಒಂದು ಮೇಜು ಹಾಕಿ, ಮನೆಮನೆಯ ವಿಟಮಿನ್ ಡಿ ಮತ್ತು ಜ್ವರದ ಸೀಸೆಗಳನ್ನು ತರಿಸಿ, ಅಳತೆ ಬರೆದು ಅಂಟಿಸಿ ಕೊಡುವ ಕೆಲಸವನ್ನು ಅವರು ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ. ಅಲ್ಲಿಯವರೆಗೆ ಕಾಯದೆ ಇವತ್ತೇ ನಿಮ್ಮ ಸೀಸೆಯ ಸಣ್ಣಕ್ಷರ ಓದಿ. ಅರ್ಥವಾಗದಿದ್ದರೆ ಅದನ್ನು ಹಿಡಿದುಕೊಂಡು ಹತ್ತಿರದ ಫಾರ್ಮಸಿಗೆ ಹೋಗಿ, ‘ನನ್ನ ಮಗುವಿಗೆ ಇದರಲ್ಲಿ ಎಷ್ಟು ಹನಿ?’ ಎಂದು ಕೇಳಿ.